ಬೆಳಕು, ಶಬ್ದ, ಉಷ್ಣ: ಚಿನ್ನದ ಗಣಿಯೂರಿನ ಮೂರು ಪಾಠಗಳು

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂ ಕಡೆಗೆ ಕವಲೊಡೆಯುವ ರೈಲುಹಾದಿ ಸುಮಾರು ಹದಿನಾರು ಕಿಲೋಮೀಟರ್ ಉದ್ದದ್ದು. 1894ರಲ್ಲಿ ಚಿನ್ನದ ಗಣಿಗಳಿಗಾಗಿಯೇ ಹಾಕಿದ ಹಾದಿ. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ನಿಲ್ದಾಣದ ಹಲಗೆಗಳನ್ನು ಓದುತ್ತ ಹೋದಂತೆ ಕಿಟಕಿಯಾಚೆ ಸಯನೈಡ್ ದಿಬ್ಬಗಳು, ತುಕ್ಕು ಹಿಡಿದ ಗಾಲಿಗೋಪುರಗಳು ಕಾಣಿಸಿಕೊಳ್ಳುತ್ತವೆ. ಆ ಗೋಪುರಗಳ ಕೆಳಗೆ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿದೆ. ಒಂದೇ ನೇರ ಬಾವಿಯಾಗಿ ಅಲ್ಲ, ಹಂತಹಂತವಾಗಿ.

ಈ 3.2 ಕಿಲೋಮೀಟರನ್ನು ಒಂದು ಅಳತೆಗೋಲು ಎಂದುಕೊಳ್ಳೋಣ. ಅದರ ಒಂದು ತುದಿಯಿಂದ ಇನ್ನೊಂದಕ್ಕೆ ಮೂವರು ಓಲೆಕಾರರನ್ನು ಕಳಿಸಿದೆವು ಅನ್ನಿ. ಬೆಳಕು, ಅಡ್ಡಿ ಏನೂ ಇಲ್ಲದಿದ್ದರೆ, ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟರಲ್ಲಿ ತಲುಪುತ್ತದೆ. ಗಾಳಿಯಲ್ಲಿ ಹೊರಟ ಶಬ್ದಕ್ಕೆ ಒಂಬತ್ತು ಸೆಕೆಂಡು ಬೇಕು. ಬಂಡೆಯೊಳಗೇ ಹೊರಟರೆ ಅರ್ಧ ಸೆಕೆಂಡು ಸಾಕು. ಉಷ್ಣ ಮಾತ್ರ, ಬಂಡೆಯ ಕಣದಿಂದ ಕಣಕ್ಕೆ ದಾಟುತ್ತ ಹೋಗಬೇಕಾದ್ದರಿಂದ, ಸ್ಥೂಲ ಲೆಕ್ಕದಲ್ಲಿ ಮೂರು ಲಕ್ಷ ವರ್ಷ ತೆಗೆದುಕೊಳ್ಳುತ್ತದೆ.

ಶಾಲೆಯ ಭೌತವಿಜ್ಞಾನದ ಮೂರು ದೊಡ್ಡ ಅಧ್ಯಾಯಗಳು ಈ ಮೂವರು ಓಲೆಕಾರರ ಕಥೆಯೇ. ಏಳನೇ ತರಗತಿಯಿಂದ ಹತ್ತನೇ ತರಗತಿಯೊಳಗೆ ನಮ್ಮ ಮಕ್ಕಳೆಲ್ಲ ಅವನ್ನು ಓದುತ್ತಾರೆ, ಪರೀಕ್ಷೆ ಬರೆಯುತ್ತಾರೆ. ಓದಿದ್ದು ಎಷ್ಟರಮಟ್ಟಿಗೆ ಅನುಭವಕ್ಕೆ ದಕ್ಕುತ್ತಿದೆ ಎಂಬುದು ಹಳೆಯ ಪ್ರಶ್ನೆ. ಆ ಪ್ರಶ್ನೆಯನ್ನು ಕೆಜಿಎಫ್ (ಕೋಲಾರ ಚಿನ್ನದ ಗಣಿ ಪ್ರದೇಶ) ಮತ್ತು ಬಂಗಾರಪೇಟೆಯ ನೆಲದ ಮೇಲೆ ನಿಂತು ಮತ್ತೆ ಕೇಳುವುದು ಈ ಲೇಖನದ ಉದ್ದೇಶ. ಬೆಳಕು, ಶಬ್ದ, ಉಷ್ಣಗಳನ್ನು ಮೈಯಿಂದಲೇ ಅರಿತ ಜನ ಇಲ್ಲಿ ನೂರಿಪ್ಪತ್ತು ವರ್ಷ ದುಡಿದಿದ್ದಾರೆ. ಅವರ ಮೊಮ್ಮಕ್ಕಳು ಅದೇ ಸಂಗತಿಗಳನ್ನು ವ್ಯಾಖ್ಯೆಗಳಾಗಿ ಬಾಯಿಪಾಠ ಮಾಡುತ್ತಿದ್ದಾರೆ. ಇವೆರಡರ ನಡುವೆ ಸೇತುವೆ ಕಟ್ಟುವುದು ಸಾಧ್ಯ, ತುರ್ತು ಕೂಡ.

ಪದಗಳ ದಾರಿ

ಮೊದಲು ಪದಗಳ ಮಾತು. ಭೌತವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ಪ್ರಯತ್ನಕ್ಕೆ ನೂರು ವರ್ಷ ಮೀರಿದೆ. 1917ರಲ್ಲಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿ ಹುಟ್ಟಿತು. ಮರುವರ್ಷ ‘ವಿಜ್ಞಾನ’ ಮಾಸಪತ್ರಿಕೆ ಹೊರಟಿತು. ಅದರ ಹಿಂದಿದ್ದವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು. ಆಮೇಲೆ ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ ಸಂಪುಟಗಳನ್ನು ಬರೆದರು. ಜೆ.ಆರ್. ಲಕ್ಷ್ಮಣರಾವ್, ಜಿ.ಟಿ. ನಾರಾಯಣರಾವ್ ಅವರ ತಲೆಮಾರು ‘ಬಾಲವಿಜ್ಞಾನ’ದಂಥ ಪತ್ರಿಕೆಯ ಮೂಲಕ ಶಾಲೆಯ ಬಾಗಿಲಿಗೇ ಬಂತು. ಪ್ರತಿಫಲನ, ವಕ್ರೀಭವನ, ಗುಪ್ತೋಷ್ಣ ಎಂದು ನಾವು ಇಂದು ಎಣಿಸದೆ ಆಡುವ ಪದಗಳ ಹಿಂದೆ ಇಂಥ ಹಲವರ ಬೆವರಿದೆ.

ಕೆಜಿಎಫ್‌ನಲ್ಲಿ ಈ ಪದಗಳ ಪ್ರಶ್ನೆಗೆ ಇನ್ನೂ ಒಂದು ಮಡಿಕೆಯಿದೆ. ಅಲ್ಲಿನ ಮನೆಗಳಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲವೂ ಇವೆ. ಒಬ್ಬನೇ ಹುಡುಗ ದಿನಕ್ಕೆ ಮೂರು ಭಾಷೆ ದಾಟುತ್ತಾನೆ. ತಮಿಳಿನಲ್ಲಿ ಬೆಳಕಿಗೆ ‘ಒಳಿ’, ಶಬ್ದಕ್ಕೆ ‘ಒಲಿ’. ಎರಡಕ್ಕೂ ಳಕಾರ ಲಕಾರದಷ್ಟೇ ಅಂತರ. ತೆಲುಗಿನಲ್ಲಿ ‘ಕಾಂತಿ’, ‘ಧ್ವನಿ’. ಕನ್ನಡದಲ್ಲಿ ‘ಶಬ್ದ’ ಎಂದರೆ ವಿಜ್ಞಾನದ ಪಾಠದಲ್ಲಿ ಒಂದು ಅರ್ಥ, ವ್ಯಾಕರಣದ ಪಾಠದಲ್ಲಿ ಇನ್ನೊಂದು. ‘ಸಂವಹನ’ ಎಂಬುದು ಉಷ್ಣದ ಅಧ್ಯಾಯದಲ್ಲಿ ಬಿಸಿನೀರು ಮೇಲೇಳುವ ಬಗೆ. ಪತ್ರಿಕೆಯಲ್ಲಿ ಅದು ಮಾತುಕತೆ. ಮಗು ಗೊಂದಲಗೊಂಡರೆ ತಪ್ಪು ಮಗುವಿನದಲ್ಲ. ಅದೇ ಹೊತ್ತಿಗೆ, ಪ್ರತಿಫಲನ, ಪ್ರತಿಬಿಂಬ, ಪ್ರತಿಧ್ವನಿ ಮೂರನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ‘ಪ್ರತಿ’ ಎಂಬಲ್ಲಿ ಗೆರೆ ಎಳೆದರೆ, ಹೋದದ್ದು ಹಿಂದಿರುಗಿ ಬರುವ ಕಥೆ ಇದು ಎಂದು ಎಲ್ಲ ಮನೆಮಾತಿನ ಮಕ್ಕಳಿಗೂ ಒಮ್ಮೆಗೇ ಹೊಳೆಯುತ್ತದೆ. ಪದ ತೊಡಕಾಗುವುದು ಅದನ್ನು ಬಿಡಿಸಿ ತೋರಿಸದಿದ್ದಾಗ.

ಬೆಳಕು: ಪೂರ್ಣ ಕತ್ತಲೆಯಿಂದ ಕಲಿಯುವುದು

‘ಕತ್ತಲಲ್ಲಿ ಸ್ವಲ್ಪ ಹೊತ್ತು ಕಾದರೆ ಕಣ್ಣು ಹೊಂದಿಕೊಳ್ಳುತ್ತದೆ, ಆಮೇಲೆ ಕಾಣುತ್ತದೆ’ ಎಂದು ಬಹಳ ಮಕ್ಕಳು ನಂಬಿರುತ್ತಾರೆ. ಮನೆಯ ಕತ್ತಲೆಗೆ ಅದು ನಿಜ, ಏಕೆಂದರೆ ಅಲ್ಲಿ ಚೂರುಪಾರು ಬೆಳಕು ಎಲ್ಲಿಂದಲೋ ಬರುತ್ತಿರುತ್ತದೆ. ಗಣಿಯ ಕತ್ತಲೆಗೆ ಅದು ಸಲ್ಲದು. ಸಾವಿರ ಮೀಟರ್ ಆಳದ ಸುರಂಗದಲ್ಲಿ ತಲೆಯ ದೀಪ ಆರಿದರೆ ಒಂದು ಗಂಟೆ ಕಾದರೂ ಮುಖದ ಮುಂದೆ ಹಿಡಿದ ಕೈ ಕಾಣದು. ಕಣ್ಣು ಬೆಳಕನ್ನು ಹೊರಕ್ಕೆ ಕಳಿಸುವುದಿಲ್ಲ, ವಸ್ತುವಿನಿಂದ ಹೊರಟ ಬೆಳಕು ಕಣ್ಣಿಗೆ ಬಂದರಷ್ಟೇ ಕಾಣುವುದು ಎಂಬ ಮೊದಲ ಪಾಠಕ್ಕೆ ಇದಕ್ಕಿಂತ ಗಟ್ಟಿಯಾದ ನಿದರ್ಶನವಿಲ್ಲ.

ಗಣಿದೀಪವೇ ಒಂದು ಪುಟ್ಟ ಪಠ್ಯಪುಸ್ತಕ. ಕಾರ್ಬೈಡ್ ದೀಪದಲ್ಲಿ ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ಹನಿಹನಿಯಾಗಿ ಬಿದ್ದು ಅಸಿಟಿಲೀನ್ ಅನಿಲ ಹುಟ್ಟುತ್ತದೆ. ಅದರ ಉರಿ ಪ್ರಖರ ಬಿಳುಪು. ಉರಿಯ ಹಿಂದೆ ಹೊಳಪಿನ ಒಂದು ಬಟ್ಟಲು. ಆಮೇಲೆ ಬಂದ ಬ್ಯಾಟರಿಯ ತಲೆದೀಪದಲ್ಲೂ ಅದೇ ಬಟ್ಟಲು. ಬಲ್ಬಿನ ತಂತಿಯನ್ನು ನಿಮ್ನ ದರ್ಪಣದ ಸಂಗಮ ಬಿಂದುವಿನಲ್ಲಿ ಇಟ್ಟರೆ ಕಿರಣಗಳು ಚದುರದೆ ಸಮಾನಾಂತರವಾಗಿ ಮುಂದಕ್ಕೆ ಹೋಗುತ್ತವೆ. ಹತ್ತನೇ ತರಗತಿಯ ಕಿರಣಚಿತ್ರ ನೆತ್ತಿಯ ಮೇಲೆ ಹೊತ್ತ ಬೆಳಕಾಗಿ ಕೆಳಗಿಳಿಯುತ್ತಿತ್ತು. ಇನ್ನು ಮೇಲ್ನೆಲದ ಬೆಳಕು: ಕಾವೇರಿಯ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಕೆಜಿಎಫ್‌ಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರಲ್ಲಿ.

ಸೂರ್ಯನ ಬೆಳಕು ಆಳಕ್ಕೆ ಏಕೆ ಇಳಿಯುವುದಿಲ್ಲ? ಬೆಳಕು ನೇರವಾಗಿ ಚಲಿಸುತ್ತದೆ, ಸೂರ್ಯ ಓರೆಯಾಗಿರುತ್ತಾನೆ. ಆದರೆ ಕೆಜಿಎಫ್ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಆ ಹೊತ್ತು ಅಂಗಳದಲ್ಲಿ ನೆಟ್ಟ ಕೋಲಿಗೆ ನೆರಳೇ ಇಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಎರಟಾಸ್ಥನೀಸ್ ಈಜಿಪ್ಟಿನ ಒಂದು ಊರಿನಲ್ಲಿ ಇಂಥದೇ ನೆತ್ತಿಸೂರ್ಯನನ್ನೂ ಇನ್ನೊಂದು ಊರಿನ ನೆರಳನ್ನೂ ಹೋಲಿಸಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಬಂಗಾರಪೇಟೆಯ ಶಾಲೆಯೊಂದು ಬೀದರಿನ ಶಾಲೆಯೊಂದಿಗೆ ಅದೇ ದಿನ ಫೋನಿನಲ್ಲಿ ನೆರಳಿನ ಅಳತೆ ಹಂಚಿಕೊಂಡರೆ ಆ ಲೆಕ್ಕವನ್ನು ಮಕ್ಕಳೇ ಮಾಡಬಹುದು. ಖರ್ಚು ಒಂದು ಕೋಲು, ಒಂದು ಟೇಪು.

ಇನ್ನೊಂದು ಪ್ರಯೋಗ ಬಂಗಾರಪೇಟೆಗೇ ಸೇರಿದ್ದು. ಅಲ್ಲಿನ ಪಾನಿಪುರಿಯ ನೀರು ಬೇರೆಡೆಯಂತೆ ಹಸಿರಲ್ಲ, ತಿಳಿ. ಕಣ್ಣಿಗೆ ಬರೀ ನೀರು, ಬಾಯಿಗೆ ಖಾರ, ಹುಳಿ, ಉಪ್ಪು. ಒಂದು ಗಾಜಿನ ಲೋಟದಲ್ಲಿ ಈ ತಿಳಿ ಪಾನಿ, ಇನ್ನೊಂದರಲ್ಲಿ ಪುದೀನ ರುಬ್ಬಿ ಹಾಕಿದ ಹಸಿರು ಪಾನಿ ತುಂಬಿ, ಕೋಣೆ ಕತ್ತಲು ಮಾಡಿ, ಪಕ್ಕದಿಂದ ಮೊಬೈಲಿನ ಟಾರ್ಚು ಬಿಡಿ. ಹಸಿರು ಲೋಟದಲ್ಲಿ ಬೆಳಕು ತೇಲುವ ಕಣಗಳಿಗೆ ತಗುಲಿ ಚದುರುತ್ತದೆ, ಲೋಟವೆಲ್ಲ ಬೆಳಗುತ್ತದೆ. ತಿಳಿ ಲೋಟದಲ್ಲಿ ಬೆಳಕಿನ ದಾರಿ ಕಾಣಿಸುವುದೇ ಇಲ್ಲವೆನ್ನಬಹುದು. ರುಚಿಯ ಅಣುಗಳು ಕರಗಿವೆ, ಬೆಳಕನ್ನು ತಡೆಯುವಷ್ಟು ದೊಡ್ಡವಲ್ಲ. ಆಮೇಲೆ ಬರೀ ನೀರಿನ ಲೋಟಕ್ಕೆ ಎರಡು ಹನಿ ಹಾಲು ಬಿಡಿ. ಪಕ್ಕದಿಂದ ನೋಡಿದರೆ ತುಸು ನೀಲಿ. ಟಾರ್ಚಿನ ಎದುರಿನಿಂದ ನೋಡಿದರೆ ಕಿತ್ತಳೆ. ಆಕಾಶ ಏಕೆ ನೀಲಿ, ಮುಳುಗುವ ಸೂರ್ಯ ಏಕೆ ಕೆಂಪು ಎಂಬುದು ಒಂದು ಲೋಟದಲ್ಲಿ ಸಿಕ್ಕಿಬಿಟ್ಟಿತು. ಸಿ.ವಿ. ರಾಮನ್ ಅವರ 1928ರ ಶೋಧವೂ ಹುಟ್ಟಿದ್ದು ದ್ರವದಲ್ಲಿ ಚದುರಿದ ಬೆಳಕನ್ನು ಹೀಗೆಯೇ ಪಕ್ಕದಿಂದ ದಿಟ್ಟಿಸಿದ್ದರಿಂದ.

ಈ ನೆಲದಿಂದ ಹೊರಬಂದ ಎಂಟುನೂರು ಟನ್ನಿನಷ್ಟು ಚಿನ್ನವೂ ಬೆಳಕಿನ ಪಾಠವೇ. ಚಿನ್ನ ನೀಲಿಯನ್ನು ಹೀರಿಕೊಂಡು ಉಳಿದದ್ದನ್ನು ಹಿಂದಕ್ಕೆ ಕಳಿಸುವುದರಿಂದ ಹಳದಿ. ಅದನ್ನೇ ಬಹಳ ತೆಳ್ಳಗೆ ಬಡಿದು ತಗಡು ಮಾಡಿ ಬೆಳಕಿಗೆ ಹಿಡಿದರೆ ದಾಟಿಬರುವ ಬೆಳಕು ಹಸಿರು. ಒಂದೇ ವಸ್ತುವಿಗೆ ಎರಡು ಬಣ್ಣ. ಬಣ್ಣವೆಂಬುದು ವಸ್ತುವಿನೊಳಗೆ ತುಂಬಿಟ್ಟ ಸಾಮಗ್ರಿಯಲ್ಲ, ವಸ್ತು ಮತ್ತು ಬೆಳಕಿನ ನಡುವಿನ ವ್ಯವಹಾರ.

ಬೆಳಕಿನ ಕಥೆಯ ಶಿಖರ ಇರುವುದೂ ಆಳದಲ್ಲೇ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಸಲಹೆಯಂತೆ 1951ರಲ್ಲಿ ಕೆಜಿಎಫ್ ಗಣಿಗಳಿಗೆ ಉಪಕರಣ ಹೊತ್ತುಕೊಂಡು ಇಳಿದರು. ಆಕಾಶದಿಂದ ಬರುವ ವಿಶ್ವಕಿರಣಗಳಲ್ಲಿ ಎಷ್ಟು ಬಂಡೆಯನ್ನು ತೂರಿ ಬರುತ್ತವೆ ಎಂದು ಅಳೆಯುವುದು ಗುರಿ. ಮುಂದೆ 1965ರಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತು ಹಿಡಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಇದೇ ಶೋಧವಾಯಿತು. ಅಷ್ಟು ಆಳ ಏಕೆ ಬೇಕಿತ್ತು? ಬೇರೆಲ್ಲ ಕಣಗಳನ್ನು ಬಂಡೆ ತಡೆಯಲಿ, ನ್ಯೂಟ್ರಿನೋ ಒಂದೇ ಉಳಿಯಲಿ ಎಂದು. ಹೇಗೆ ಹಿಡಿದರು? ನ್ಯೂಟ್ರಿನೋ ಬಂಡೆಗೆ ಬಡಿದಾಗ ಹುಟ್ಟುವ ಕಣವು ಪ್ಲಾಸ್ಟಿಕ್ ಹಲಗೆಯನ್ನು ದಾಟುವಾಗ ಕ್ಷಣಮಾತ್ರದ ಮಿಣುಕು, ನಿಯಾನ್ ಕೊಳವೆಗಳ ಸಾಲಿನಲ್ಲಿ ಒಂದು ಕೆಂಪು ಗೆರೆ. ಸೂರ್ಯನ ಬೆಳಕು ಎಂದೂ ಮುಟ್ಟದ ಕಡೆ, ಕಣ್ಣಿಗೂ ಸಿಗದ ಮಿಣುಕನ್ನು ಹಿಡಿದು ವಿಶ್ವದ ಒಂದು ಗುಟ್ಟನ್ನು ಓದಿದರು. ಕೆಜಿಎಫ್‌ನ ಪ್ರತಿ ಶಾಲೆಯಲ್ಲೂ ಬೆಳಕಿನ ಪಾಠ ಈ ಸಂಗತಿಯ ಹೆಮ್ಮೆಯೊಂದಿಗೆ ಮುಗಿಯಬೇಕು.

ಶಬ್ದ: ಗಾಳಿಯಲ್ಲಿ, ಹಳಿಯಲ್ಲಿ, ಬಂಡೆಯಲ್ಲಿ

ಶಬ್ದದ ಅಧ್ಯಾಯ ಸಾಮಾನ್ಯವಾಗಿ ಕಂಪನ, ಆವೃತ್ತಿ, ಪಾರ ಎಂಬ ವ್ಯಾಖ್ಯೆಗಳಿಂದ ಶುರುವಾಗುತ್ತದೆ. ಬಂಗಾರಪೇಟೆಯ ಮಗು ರೈಲಿನಿಂದ ಶುರುಮಾಡಬಹುದು. ನಿಲ್ಲದೆ ಹಾದುಹೋಗುವ ಗಾಡಿ ದೂರದಿಂದ ಹಾರ್ನ್ ಹಾಕುತ್ತ ಬಂದು, ನಮ್ಮನ್ನು ದಾಟಿದ ಕ್ಷಣದಲ್ಲಿ ಆ ಕೂಗು ಇಳಿಯುತ್ತದೆ. ಗಾಡಿ ಎದುರಿಗೆ ಬರುವಾಗ ಅಲೆಗಳು ಒತ್ತೊತ್ತಾಗಿ ಕಿವಿಗೆ ಬರುತ್ತವೆ, ದೂರ ಹೋಗುವಾಗ ಬಿಡಿಬಿಡಿಯಾಗಿ. ಗಂಟೆಗೆ 108 ಕಿಲೋಮೀಟರ್ ವೇಗದ ಗಾಡಿಗೆ ಈ ಎರಡು ಶ್ರುತಿಗಳ ಅನುಪಾತ ಸುಮಾರು 1.19. ಸಂಗೀತ ಕಲಿಯುವ ಮಗುವಿಗೆ ಹೇಳುವುದಾದರೆ ಹೆಚ್ಚುಕಡಿಮೆ ಸಾಧಾರಣ ಗಾಂಧಾರದಿಂದ ಷಡ್ಜಕ್ಕೆ ಇಳಿದಷ್ಟು. ಪ್ಲಾಟ್‌ಫಾರಂ ಮೇಲೆ ನಿಂತು, ಶ್ರುತಿ ಹಿಡಿಯಬಲ್ಲ ಒಬ್ಬಳು ಹುಡುಗಿ ಗಾಡಿಯ ವೇಗವನ್ನೇ ಅಂದಾಜು ಮಾಡಬಲ್ಲಳು.

ಶಬ್ದದ ವೇಗವನ್ನು ಅಳೆಯಲು ಉಪಕರಣ ಬೇಕಿಲ್ಲ. ಎತ್ತರದ, ಬೋಳು ಗೋಡೆಯೊಂದರ ಎದುರು 85 ಮೀಟರ್ ದೂರದಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ಮರುದನಿ ಕೇಳಿ. ಆಮೇಲೆ ಮರುದನಿ ಬಂದ ಕ್ಷಣಕ್ಕೇ ಸರಿಯಾಗಿ ಮುಂದಿನ ಚಪ್ಪಾಳೆ ಬೀಳುವಂತೆ ಲಯ ಹಿಡಿಯಿರಿ. ಜತೆಗಾರ ಇಪ್ಪತ್ತು ಅಂತರಗಳನ್ನು ಎಣಿಸಿ ಕಾಲ ನೋಡಲಿ. ಹತ್ತು ಸೆಕೆಂಡಿಗೆ ತುಸು ಕಡಿಮೆ ಬರುತ್ತದೆ. ಪ್ರತಿ ಅಂತರದಲ್ಲಿ ಶಬ್ದ ಹೋಗಿಬಂದ ದೂರ 170 ಮೀಟರ್. ಭಾಗಿಸಿದರೆ ಸೆಕೆಂಡಿಗೆ 340ರಿಂದ 350 ಮೀಟರ್. ತಾಳ ಹಾಕಬಲ್ಲ ಕೈ ಇದ್ದರೆ ಸಾಕು, ಶಬ್ದದ ವೇಗ ಮಗುವಿನ ಅಂಗೈಗೆ ಬಂತು. ಈ ಒಂದು ಅರ್ಧ ಗಂಟೆ, ‘ಗಾಳಿಯಲ್ಲಿ ಶಬ್ದದ ವೇಗ ಎಷ್ಟು?’ ಎಂಬ ಒಂದಂಕದ ಪ್ರಶ್ನೆಯನ್ನು ಜೀವಮಾನವಿಡೀ ಮರೆಯದಂತೆ ಮಾಡುತ್ತದೆ.

ಘನವಸ್ತುವಿನಲ್ಲಿ ಶಬ್ದ ಇನ್ನೂ ವೇಗ ಎಂಬುದನ್ನು ತಿಳಿಯಲು ಹಳಿಗೆ ಕಿವಿಗೊಡುವ ಅಪಾಯ ಬೇಡ. ಉದ್ದನೆಯ ಬೆಂಚಿನ ಒಂದು ತುದಿಗೆ ಕಿವಿಯಿಟ್ಟು ಇನ್ನೊಂದು ತುದಿಯನ್ನು ಉಗುರಿನಿಂದ ಕೆರೆಯಲು ಹೇಳಿದರೆ, ಗಾಳಿಯಲ್ಲಿ ಕೇಳದ ಸದ್ದು ಮರದಲ್ಲಿ ಗರಗರ ಕೇಳುತ್ತದೆ. ಬಂಡೆಯಲ್ಲಿ ಈ ಪಯಣದ ವೇಗ ಸೆಕೆಂಡಿಗೆ ಸುಮಾರು ಆರು ಕಿಲೋಮೀಟರ್. ಕೆಜಿಎಫ್‌ನ ಜನ ಅದನ್ನು ಕಿವಿಯಿಂದಷ್ಟೇ ಅಲ್ಲ, ಪಾದದಿಂದ ಕೇಳಿದ್ದಾರೆ.

ಮೂರು ಕಿಲೋಮೀಟರ್ ಆಳದಲ್ಲಿ ಮೇಲಿನ ಬಂಡೆಯ ಭಾರ ಪ್ರತಿ ಚದರ ಸೆಂಟಿಮೀಟರಿಗೆ 850 ಕಿಲೋಗ್ರಾಂ ದಾಟುತ್ತದೆ. ಅದಿರು ತೆಗೆದು ಖಾಲಿ ಮಾಡಿದ ಕಡೆ ಆ ಒತ್ತಡ ಸುತ್ತಲಿನ ಬಂಡೆಗೆ ವರ್ಗವಾಗುತ್ತದೆ. ಒಂದು ಹಂತ ಮೀರಿದಾಗ ಬಂಡೆ ಸಿಡಿಯುತ್ತದೆ. ಇದೇ ರಾಕ್ ಬರ್ಸ್ಟ್. ಹಳೆಯ ದಿನಗಳಲ್ಲಿ ಇದನ್ನು ‘ಏರ್ ಬ್ಲಾಸ್ಟ್’ ಎಂದು ಕರೆಯುತ್ತಿದ್ದರು. ಹೆಸರು ಗಾಳಿಯದು, ಕಾರಣ ಬಂಡೆಯದು. ಎಷ್ಟೋ ಜೀವಗಳನ್ನು ಅದು ತೆಗೆದುಕೊಂಡಿದೆ. ಮೇಲಿನ ಲೈನು ಮನೆಗಳಲ್ಲಿ ಪಾತ್ರೆ ಅದುರಿದಾಗ, ಪಾಳಿಗೆ ಹೋದವರ ಹೆಸರು ನೆನೆದು ಬಾಗಿಲಿಗೆ ಓಡಿಬಂದ ಹೆಂಗಸರಿಗೆ ಶಬ್ದವೆಂದರೆ ಶಕ್ತಿಯ ಪ್ರಸರಣ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಆ ಅದುರನ್ನು ಓದುವ ವಿದ್ಯೆ ಇಲ್ಲೇ ಬೆಳೆಯಿತು. 1970ರ ದಶಕದ ಕೊನೆಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದ ಗಣಿ ಪ್ರದೇಶದಲ್ಲಿ ಕಂಪನಗ್ರಾಹಿಗಳ ಜಾಲ ಹರಡಿತು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲೇ ಹುಟ್ಟಿತು. ಸಿಡಿತದ ಜಾಗ ಪತ್ತೆಹಚ್ಚುವ ತತ್ವ ಬಹಳ ಸರಳ. ಬಂಡೆಯಲ್ಲಿ ಎರಡು ಬಗೆಯ ಅಲೆ ಹೊರಡುತ್ತವೆ: ಹಿಂದುಮುಂದಾಗಿ ಒತ್ತುತ್ತ ಹೋಗುವ ಅನುನೀಳ ಅಲೆ ವೇಗದ್ದು, ಅಡ್ಡಡ್ಡ ತುಯ್ಯುವ ಅಲೆ ನಿಧಾನದ್ದು. ಎರಡೂ ಬಂದು ತಲುಪುವ ನಡುವಿನ ಬಿಡುವು ಹೆಚ್ಚಿದಷ್ಟೂ ಸಿಡಿದ ಜಾಗ ದೂರ. ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, ಮೂರಕ್ಕೊಂದು ಕಿಲೋಮೀಟರ್ ಎಂದು ಲೆಕ್ಕ ಹಾಕುವ ಆಟವೂ ಇದೇ. ಮಳೆಗಾಲದ ಒಂದು ಸಂಜೆ ಅಂಗಳದಲ್ಲಿ ಈ ಆಟ ಆಡಿದ ಮಗುವಿಗೆ ಭೂಕಂಪ ವಿಜ್ಞಾನದ ಬಾಗಿಲು ತೆರೆದಂತೆಯೇ.

ಉಷ್ಣ: ಬಿಸಿ, ಕಾವು, ಝಳ, ಸೆಕೆ

ಮೂರರಲ್ಲಿ ಅತ್ಯಂತ ಕಷ್ಟದ್ದು ಉಷ್ಣ. ಉಷ್ಣ ಬೇರೆ, ತಾಪ ಬೇರೆ ಎಂಬ ಭೇದ ಪದವಿ ಓದಿದವರಿಗೂ ತಪ್ಪುತ್ತದೆ. ದೀಪಾವಳಿಯ ಸುರುಸುರುಬತ್ತಿಯ ಕಿಡಿ ಸಾವಿರ ಡಿಗ್ರಿಯ ಆಸುಪಾಸಿನದು. ಕೈಮೇಲೆ ಬಿದ್ದರೆ ಚುರುಕ್ಕೆಂದು ಆರಿಹೋಗುತ್ತದೆ. ಅರವತ್ತು ಡಿಗ್ರಿಯ ಒಂದು ಚೊಂಬು ನೀರು ಬಿದ್ದರೆ ಬೊಬ್ಬೆ. ಕಿಡಿಗೆ ತಾಪ ಹೆಚ್ಚು, ಆದರೆ ಅದರಲ್ಲಿ ಇರುವ ಉಷ್ಣ ಅತ್ಯಲ್ಪ. ‘ಮಂಜುಗಡ್ಡೆಗೆ ಕಂಬಳಿ ಸುತ್ತಿದರೆ ಏನಾಗುತ್ತದೆ?’ ಎಂದು ಕೇಳಿ ನೋಡಿ. ಬೇಗ ಕರಗುತ್ತದೆ ಎನ್ನುವವರೇ ಹೆಚ್ಚು. ಕಂಬಳಿ ಬಿಸಿ ಕೊಡುವುದಿಲ್ಲ, ಉಷ್ಣದ ಓಡಾಟವನ್ನು ತಡೆಯುತ್ತದಷ್ಟೆ. ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಮುಚ್ಚಿ ತರುವ ಗಾಡಿಯವನು ಇದನ್ನು ಬಲ್ಲ.

ಇಲ್ಲಿ ಕನ್ನಡವೇ ದೊಡ್ಡ ನೆರವಿಗೆ ಬರುತ್ತದೆ. ನಾವು ಎಲ್ಲದಕ್ಕೂ ಒಂದೇ ಮಾತು ಆಡುವುದಿಲ್ಲ. ಮುಟ್ಟಿದರೆ ತಿಳಿಯುವುದು ಬಿಸಿ. ಒಲೆಯ ಕಲ್ಲಿನಲ್ಲಿ, ಗೋಡೆಯಲ್ಲಿ ಉಳಿದಿರುವುದು ಕಾವು. ಮುಟ್ಟದೆ ದೂರದಿಂದಲೇ ಮುಖಕ್ಕೆ ಬಡಿಯುವುದು ಝಳ, ಅದೇ ವಿಕಿರಣ. ಬೆವರು ಆರದೆ ಮೈಗೆ ಅಂಟಿಕೊಂಡಾಗ ಸೆಕೆ, ಅದು ಗಾಳಿಯ ತೇವದ ಮಾತು. ಹೈವೇಯ ಡಾಂಬರಿನ ಮೇಲೆ ನೀರಿನಂತೆ ಮಿನುಗುವುದು ಬಿಸಿಲ್ಗುದುರೆ, ಬಿಸಿಗಾಳಿಯ ಪದರದಲ್ಲಿ ಬೆಳಕು ಬಾಗಿದ್ದರ ಫಲ. ಅಜ್ಜಿಯ ನಾಲಗೆಯಲ್ಲಿ ಈ ಪದಗಳು ಈಗಾಗಲೇ ವರ್ಗೀಕರಣಗೊಂಡಿವೆ. ಪಾಠ ಅವುಗಳಿಂದ ಹೊರಟು ವಹನ, ಸಂವಹನ, ವಿಕಿರಣ ಎಂಬ ಪುಸ್ತಕದ ಪದಗಳಿಗೆ ಸೇರಲಿ; ಉಲ್ಟಾ ಅಲ್ಲ.

ಗಣಿಗೆ ಇಳಿಯೋಣ. ಮೂರು ಕಿಲೋಮೀಟರ್ ಆಳದ ಬಂಡೆಯ ತಾಪ ಸುಮಾರು 65 ಡಿಗ್ರಿ ಸೆಲ್ಸಿಯಸ್. ಭೂಮಿ ಹುಟ್ಟಿದಾಗಿನ ಕಾವು ಮತ್ತು ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣಶೀಲ ಕ್ಷಯದ ಕಾವು ಸೇರಿ ಹೊರಕ್ಕೆ ಹರಿಯುತ್ತಿರುವುದರಿಂದ ಹೀಗೆ. ಜಗತ್ತಿನ ಹಲವೆಡೆ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುವಲ್ಲಿ ಇಲ್ಲಿ ಏರುವುದು ಸುಮಾರು ಅದರ ಅರ್ಧದಷ್ಟು. ಕೋಲಾರದ ಶಿಲೆ ಸುಮಾರು 270 ಕೋಟಿ ವರ್ಷ ಹಳೆಯದು, ತಣಿದ ನೆಲ. ಆ ತಣಿವಿಲ್ಲದಿದ್ದರೆ ಮನುಷ್ಯ ಅಷ್ಟು ಆಳಕ್ಕೆ ಇಳಿಯಲಾಗುತ್ತಿರಲಿಲ್ಲ.

ಬಂಡೆ ಒಂದೇ ಶತ್ರುವಲ್ಲ. ಮೇಲಿನಿಂದ ಕಳಿಸಿದ ತಂಪುಗಾಳಿಯೂ ಕೆಳಗಿಳಿಯುತ್ತ ತಾನಾಗಿ ಬಿಸಿಯಾಗುತ್ತದೆ. ಸೈಕಲ್ ಪಂಪನ್ನು ಒತ್ತಿದಾಗ ಅದರ ಬುಡ ಬಿಸಿಯಾಗುವ ಹಾಗೆ, ತನ್ನದೇ ಮೇಲಿನ ಗಾಳಿಯ ಭಾರದಿಂದ ಒತ್ತಿಸಿಕೊಂಡ ಒಣಗಾಳಿ ಕಿಲೋಮೀಟರಿಗೆ ಸುಮಾರು ಹತ್ತು ಡಿಗ್ರಿ ಏರುತ್ತದೆ. ಅದಕ್ಕೇ ಗಣಿಗಳಿಗೆ ಗಾಳಿ ತಣಿಸುವ ದೊಡ್ಡ ಯಂತ್ರಾಗಾರಗಳು ಬೇಕಾದವು. ಇನ್ನೊಂದು ಲೆಕ್ಕ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವ ಕೆಜಿಎಫ್ ಪೇಟೆಯಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಗಣಿಯ ತಳದಲ್ಲಿ ವಾಯುಒತ್ತಡ ಹೆಚ್ಚು. ಅಲ್ಲಿ ಕುದಿಯಲು 107 ಡಿಗ್ರಿಯಷ್ಟು ಬೇಕು. ‘ನೀರು 100 ಡಿಗ್ರಿಗೆ ಕುದಿಯುತ್ತದೆ’ ಎಂಬ ಪುಸ್ತಕದ ವಾಕ್ಯ ಒಂದೇ ಊರಿನ ಮೇಲೂ ಕೆಳಗೂ ಸರಿಹೊಂದುವುದಿಲ್ಲ, ಏಕೆಂದರೆ ಆ ವಾಕ್ಯಕ್ಕೆ ಸಮುದ್ರಮಟ್ಟದ ಒತ್ತಡ ಎಂಬ ಷರತ್ತಿದೆ. ಷರತ್ತನ್ನು ಬಿಟ್ಟು ಓದಿದ ವಿಜ್ಞಾನ ಅರ್ಧ ವಿಜ್ಞಾನ.

ಆ ಬಿಸಿಯಲ್ಲಿ ಮೈ ಉಳಿಸಿದ್ದು ಬೆವರು. ಒಂದು ಲೀಟರ್ ಬೆವರು ಆರಿದರೆ ಮೈಯಿಂದ ಸುಮಾರು 24 ಲಕ್ಷ ಜೂಲ್ ಉಷ್ಣ ಹೊರಹೋಗುತ್ತದೆ. ಏಳು ಕಿಲೋಗ್ರಾಂ ಮಂಜುಗಡ್ಡೆ ಕರಗಲು ಬೇಕಾದಷ್ಟು. ಆದರೆ ಆರಬೇಕು, ತೊಟ್ಟಿಕ್ಕಿದ ಬೆವರಿನಿಂದ ತಂಪಿಲ್ಲ. ಗಾಳಿ ತೇವದಿಂದ ತುಂಬಿದ್ದರೆ ಬೆವರು ಆರುವುದಿಲ್ಲ. ಮಡಕೆಯ ನೀರು ಬೇಸಿಗೆಯಲ್ಲಿ ತಣ್ಣಗಾಗಿ ಜಡಿಮಳೆಯ ದಿನ ಹಾಗಾಗದಿರುವುದಕ್ಕೂ ಇದೇ ಕಾರಣ. ಗುಪ್ತೋಷ್ಣವೆಂಬ ಒಣಪದದ ಒಳಗೆ ಸಾವಿರಾರು ದುಡಿಯುವ ಮೈಗಳ ಬದುಕು ಸಾವಿನ ಲೆಕ್ಕವಿತ್ತು.

ಕಲಿಸುವ ದಾರಿಗಳು

ಹೇಗೆ ಕಲಿಸಬೇಕು ಎಂಬ ಚರ್ಚೆಗೆ ನಮ್ಮಲ್ಲಿ ಒಳ್ಳೆಯ ಪರಂಪರೆ ಇದೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಿಂದ 2002ರವರೆಗೆ ನಡೆದ ವಿಜ್ಞಾನ ಬೋಧನಾ ಕಾರ್ಯಕ್ರಮ, ಹಳ್ಳಿಶಾಲೆಯ ಮಕ್ಕಳು ಅಗ್ಗದ ಸಾಮಗ್ರಿಯಿಂದ ಪ್ರಯೋಗ ಮಾಡಿಯೇ ತೀರ್ಮಾನಕ್ಕೆ ಬರಬಲ್ಲರು ಎಂದು ತೋರಿಸಿತು. ಕೆಜಿಎಫ್‌ಗೆ ಹತ್ತಿರದ ಕುಪ್ಪಂ ಬಳಿ ಅಗಸ್ತ್ಯ ಅಂತರರಾಷ್ಟ್ರೀಯ ಪ್ರತಿಷ್ಠಾನ 1999ರಿಂದ ಅದೇ ನಂಬಿಕೆಯಲ್ಲಿ ದುಡಿಯುತ್ತಿದೆ. ಅದರ ಸಂಚಾರಿ ಪ್ರಯೋಗಾಲಯಗಳು ಹಳ್ಳಿಶಾಲೆಗಳ ಅಂಗಳಕ್ಕೇ ಹೋಗುತ್ತವೆ. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಮೇಷ್ಟರಾಗಿ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. ಪ್ರಶ್ನಿಸದೆ ಒಪ್ಪಬೇಡಿ ಎಂಬುದು ಅವರ ಬದುಕಿನ ಪಾಠವಾಗಿತ್ತು.

ಇವರೆಲ್ಲರ ಕೆಲಸದಿಂದ ತಿಳಿಯುವುದು ಇಷ್ಟು. ಮಗು ಖಾಲಿ ಪಾತ್ರೆಯಾಗಿ ತರಗತಿಗೆ ಬರುವುದಿಲ್ಲ. ಅದಕ್ಕೆ ಈಗಾಗಲೇ ಒಂದು ವಿವರಣೆ ಇದೆ, ಹಲವು ಬಾರಿ ತಪ್ಪು. ಆ ತಪ್ಪನ್ನು ಹೊರಗೆ ತೆಗೆಯದೆ ಮೇಲೆ ವ್ಯಾಖ್ಯೆ ಹಚ್ಚಿದರೆ, ಪರೀಕ್ಷೆ ಮುಗಿದ ಮರುದಿನ ವ್ಯಾಖ್ಯೆ ಉದುರುತ್ತದೆ, ತಪ್ಪು ಉಳಿಯುತ್ತದೆ. ಪ್ರಯೋಗವೊಂದೇ ಸಾಲದು, ಬರೀ ಲೆಕ್ಕವೂ ಸಾಲದು. ಚಪ್ಪಾಳೆ ತಟ್ಟಿದ ಮೇಲೆ ಭಾಗಾಕಾರ ಮಾಡಿದಾಗಲೇ 340 ಎಂಬ ಅಂಕಿಗೆ ಜೀವ. ಕಾಲಾವಕಾಶ ಇಲ್ಲ ಎಂಬ ಮೇಷ್ಟರ ಅಳಲು ನಿಜವಾದದ್ದು. ಪಾಠಗಳ ಪಟ್ಟಿ ಉದ್ದ, ಪರೀಕ್ಷೆಯ ದಿನ ಗೊತ್ತಾಗಿರುವಂಥದ್ದು. ಆದರೂ ಬೆಳಕಿಗೊಂದು, ಶಬ್ದಕ್ಕೊಂದು, ಉಷ್ಣಕ್ಕೊಂದು, ಹೀಗೆ ವರ್ಷಕ್ಕೆ ಮೂರೇ ಅವಧಿಗಳನ್ನು ಊರಿನ ಅನುಭವಕ್ಕೆ ಬಿಟ್ಟುಕೊಟ್ಟರೆ ಉಳಿದ ಪಾಠಗಳ ಬಾಯಿಪಾಠದ ಹೊರೆ ಕಡಿಮೆಯಾಗುತ್ತದೆ.

ಕೆಜಿಎಫ್‌ನಲ್ಲಿ ಈ ಕೆಲಸಕ್ಕೆ ಗಡುವೂ ಇದೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸುರಂಗಗಳಲ್ಲಿ ಈಗ ನೀರು ತುಂಬಿದೆ. ಆ ಆಳಕ್ಕೆ ಮತ್ತೆ ಯಾವ ಮಗುವೂ ಇಳಿದು ನೋಡಲಾರದು. ಅಲ್ಲಿಗೆ ಇಳಿದವರು ಮಾತ್ರ ಇನ್ನೂ ಜಗಲಿಯ ಮೇಲೆ ಕೂತಿದ್ದಾರೆ, ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರಲ್ಲಿ ಹಲವರು ಭೌತವಿಜ್ಞಾನದ ಒಂದು ಪುಟವನ್ನೂ ಓದಿದವರಲ್ಲ; ಆದರೆ ಆ ಪುಟಗಳಲ್ಲಿ ಬರೆದಿರುವುದನ್ನೆಲ್ಲ ಕಂಡವರು.

ಹಾಗಾಗಿ ಮನೆಗೆಲಸವಾಗಿ ಮಕ್ಕಳಿಗೆ ಮೂರು ಪ್ರಶ್ನೆ ಕೊಟ್ಟು ಕಳಿಸೋಣ. ಮನೆಯಲ್ಲಿ, ಇಲ್ಲವೇ ಪಕ್ಕದ ಮನೆಯಲ್ಲಿ, ಗಣಿಯಲ್ಲಿ ದುಡಿದ ಹಿರಿಯರ ಹತ್ತಿರ ಕೇಳಿ ಬರೆದುಕೊಂಡು ಬರಲಿ. ತಾತ, ಕೆಳಗೆ ದೀಪ ಆರಿದರೆ ಏನು ಮಾಡುತ್ತಿದ್ದಿರಿ? ಬಂಡೆ ಸಿಡಿಯುವ ಮೊದಲು ಏನಾದರೂ ಕೇಳಿಸುತ್ತಿತ್ತೇ? ಬೆವರು ಎಲ್ಲಿ ಆರುತ್ತಿತ್ತು, ಎಲ್ಲಿ ಆರುತ್ತಿರಲಿಲ್ಲ? ಮರುದಿನ ಆ ಉತ್ತರಗಳನ್ನು ತಮಿಳೋ ತೆಲುಗೋ ಕನ್ನಡವೋ ಅವರಾಡಿದ ಮಾತಿನಲ್ಲೇ ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ, ಆಮೇಲೆ ಪುಸ್ತಕ ತೆರೆಯೋಣ.